ಮರುದನಿ ಬಂದ ರಾತ್ರಿ

ಜಾಕ್‌ನ ಹಿಡಿಕೆ ಸಿಡಿದು ಬಂದದ್ದು ನನಗೆ ಕಾಣಲಿಲ್ಲ. ಕಂಡದ್ದು ರಕ್ತ.

ಎಡ ಮುಂಗೈ ಒಂದು ಗೇಣುದ್ದ ಸೀಳಿಕೊಂಡಿತ್ತು. ನೋವು ಇನ್ನೂ ತಲೆಗೆ ತಲುಪಿರಲಿಲ್ಲ. ಬೆಚ್ಚಗಿನ ಧಾರೆಯೊಂದು ಬೆರಳ ತುದಿಯಿಂದ ಕಪ್ಪು ಕೆಸರಿಗೆ ಇಳಿಯುತ್ತಿತ್ತು. ಅದೇ ಕೆಸರಿನಲ್ಲಿ ನಮ್ಮ ಜೀಪು ಅಚ್ಚಿನ ತನಕ ಕುಳಿತಿತ್ತು. ಎತ್ತಲು ಹೋದಷ್ಟೂ ಜಾಕೇ ಕೆಳಗಿಳಿಯುತ್ತಿತ್ತು. ನಾಲ್ಕು ಸಲ ಸೋತಿದ್ದೆ. ಐದನೆಯ ಸಲ ಸಿಟ್ಟಿನಿಂದ ಮೈಭಾರವನ್ನೆಲ್ಲ ಹಾಕಿದ್ದೆ. ಕಬ್ಬಿಣ ತಿರುಗಿ ಬಡಿದಿತ್ತು.

ತಲೆಯೆತ್ತಿದೆ. ವಾಯವ್ಯದ ಆಕಾಶ ನೇರಳೆ ಹಣ್ಣಿನಂತೆ ಕಪ್ಪಾಗಿತ್ತು. ಅದರ ಬುಡದಲ್ಲಿ ಬೆಳ್ಳಗಿನ ಗೋಡೆಯೊಂದು ಬಯಲನ್ನು ನುಂಗುತ್ತ ನಮ್ಮತ್ತಲೇ ಬರುತ್ತಿತ್ತು. ಮಳೆ. ಗೋಡೆಯ ಒಳಗಿನಿಂದ ಬೆಂಕಿಯ ಬೇರುಗಳು ನೆಲಕ್ಕೆ ಇಳಿದು ಇಳಿದು ಮಾಯವಾಗುತ್ತಿದ್ದವು.

“ಬಿಡು! ಎಲ್ಲ ಬಿಟ್ಟು ಒಳಗೆ ಬಾ!”

ನನ್ನ ಜೊತೆಗಿದ್ದ ವನರಕ್ಷಕ, ಸ್ಕೌಟ್, ನನ್ನ ಕೊರಳಪಟ್ಟಿ ಹಿಡಿದು ಎಳೆದರು. ಐವತ್ತು ದಾಟಿದ ಮನುಷ್ಯ, ಆದರೂ ಹಿಡಿತ ಇಕ್ಕಳದಂತಿತ್ತು. ಸುತ್ತ ಕಣ್ಣು ಹಾಯುವಷ್ಟು ದೂರವೂ ಮೊಣಕಾಲೆತ್ತರದ ಹುಲ್ಲು. ಒಂದು ಮರವಿಲ್ಲ, ಒಂದು ಕಲ್ಲಿಲ್ಲ. ಅಷ್ಟು ದೊಡ್ಡ ಬಯಲಿನಲ್ಲಿ ಎಲ್ಲಕ್ಕಿಂತ ಎತ್ತರವಾಗಿ ನಿಂತಿದ್ದವನು ನಾನೇ. ಸಿಡಿಲಿಗೆ ಇನ್ನೇನು ಬೇಕು?

ಬಾಗಿಲು ಹಾಕಿಕೊಳ್ಳುವುದಕ್ಕೂ ಬಯಲು ಬೆಳ್ಳಗಾಗುವುದಕ್ಕೂ ಸರಿಹೋಯಿತು. ಚಟಾರ್! ಶಬ್ದ ಕಿವಿಗಿಂತ ಮೊದಲು ಎದೆಗೂಡಿಗೆ ಬಡಿಯಿತು. ನೂರು ಗಜದಾಚೆ ಹುಲ್ಲಿನಿಂದ ಹೊಗೆ ಎದ್ದಿತು. ಮರುಕ್ಷಣ ಮಳೆ ಆ ಹೊಗೆಯನ್ನೂ ನುಂಗಿತು.

“ಕಬ್ಬಿಣ ಮುಟ್ಟಬೇಡ,” ಸ್ಕೌಟ್ ಹೇಳಿದರು. “ಕೈ ತೊಡೆಯ ಮೇಲಿಟ್ಟು ಕೂರು.”

ತೊಡೆಯ ಮೇಲಿಟ್ಟೆ. ಪ್ಯಾಂಟು ಕೆಂಪಾಯಿತು. ಆಗ ನೋವು ಬಂತು.

ನನ್ನನ್ನು ಇಲ್ಲಿಗೆ ತಂದದ್ದು ಒಂದು ಸಿಂಹಿಣಿ. ಕೆಸರಿಗೆ ಇಳಿಸಿದ್ದು ನನ್ನದೇ ಹಟ.

ಲಿಯುವಾ ಬಯಲು ಜಾಂಬಿಯಾದ ಪಶ್ಚಿಮ ತುದಿಯಲ್ಲಿ, ಅಂಗೋಲಾದ ಗಡಿಗೆ ಸಮೀಪದಲ್ಲಿದೆ. ಲೋಜಿ ಭಾಷೆಯಲ್ಲಿ ಲಿಯುವಾ ಎಂದರೇನೇ ಬಯಲು. ರಾಜಧಾನಿ ಲುಸಾಕಾದಿಂದ ಸುಮಾರು 600 ಕಿಲೋಮೀಟರ್ ಓಡಿದರೆ ಮೊಂಗು ಪಟ್ಟಣ. ಅಲ್ಲಿಂದ ಜಾಂಬೆಜಿ ನದಿಯ ನೆರೆಬಯಲನ್ನು ಸೇತುವೆಯ ಮೇಲೆ ಸೇತುವೆ ದಾಟಿ ಕಲಾಬೊ. ಕಲಾಬೊದಲ್ಲಿ ಡಾಂಬರು ಮುಗಿಯುತ್ತದೆ. ಮುಂದೆ ಲುವಾಂಗಿಂಗಾ ನದಿ. ಅದನ್ನು ದಾಟಿಸುವುದು ಎಂಜಿನ್ ಇಲ್ಲದ ತೇಲುದೋಣಿ: ಈ ದಡದಿಂದ ಆ ದಡಕ್ಕೆ ಬಿಗಿದ ಹಗ್ಗವನ್ನು ಜನ ಕೈಯಿಂದ ಜಗ್ಗುತ್ತಾರೆ, ಜೀಪು ಹೊತ್ತ ದೋಣಿ ಇಂಚಿಂಚಾಗಿ ಸರಿಯುತ್ತದೆ. ಹಗ್ಗ ಜಗ್ಗುತ್ತಿದ್ದವರ ಪಕ್ಕದಲ್ಲಿ ನಿಂತು ನಾನು ಫೋಟೊ ತೆಗೆದುಕೊಂಡಿದ್ದೆ.

ದಾಟಿದ ಮೇಲೆ ಬರೀ ಕಲಹರಿ ಮರಳು. ಸುಮಾರು 3,500 ಚದರ ಕಿಲೋಮೀಟರ್ ಬಯಲು. ಎರಡು ದಿನ ನಾವು ಇನ್ನೊಂದು ಗಾಡಿಯನ್ನು ಕಂಡಿರಲಿಲ್ಲ. ಬಂಡೀಪುರದಲ್ಲಿ ಹುಲಿಯ ಬಾಲ ಕಂಡರೆ ಹತ್ತು ಜೀಪು ಮುತ್ತಿಕೊಳ್ಳುವುದನ್ನು ನೋಡಿ ಬೆಳೆದವನಿಗೆ ಇದೊಂದು ವರವೆನಿಸಿತ್ತು. ಜನರಿಲ್ಲದ ಕಾಡು ಬೇಕೆಂದೇ ಅಷ್ಟು ದೂರ ಹೋಗಿದ್ದೆ.

ಸಂಜೆ ನಾಲ್ಕರ ಹೊತ್ತಿಗೆ ಕ್ಷಿತಿಜದಲ್ಲಿ ಕಪ್ಪು ದಾರದಂಥ ಗೆರೆಯೊಂದು ಚಲಿಸಿತು. ವೈಲ್ಡ್‌ಬೀಸ್ಟ್! ನವೆಂಬರಿನ ಮೊದಲ ಮಳೆಯ ವಾಸನೆ ಹಿಡಿದು ಪ್ರತಿ ವರ್ಷ ಸಾವಿರಗಟ್ಟಲೆ ವೈಲ್ಡ್‌ಬೀಸ್ಟ್‌ಗಳು ಈ ಬಯಲಿಗೆ ಇಳಿಯುತ್ತವೆ. ಸೆರೆಂಗೆಟಿಯ ನಂತರ ಅವುಗಳ ಅತಿ ದೊಡ್ಡ ವಲಸೆ ಇದೇ ಎನ್ನುತ್ತಾರೆ. ನಮಗೂ ಅವಕ್ಕೂ ನಡುವೆ ತಗ್ಗೊಂದಿತ್ತು, ಮೇಲೆ ಹಸಿರು ಹುಲ್ಲು ಚಾಪೆ ಹಾಸಿತ್ತು.

“ಸುತ್ತಿ ಹೋಗು,” ಸ್ಕೌಟ್ ಎಂದರು. “ನಿನ್ನೆ ಮಳೆಯಾಗಿದೆ. ಹಸಿರು ಇದ್ದಲ್ಲಿ ಹೊಟ್ಟೆ ಮೆತ್ತಗಿರುತ್ತದೆ.”

ಸುತ್ತಿ ಹೋದರೆ ಬೆಳಕು ಹೋಗುತ್ತಿತ್ತು. ನಾನು ನೇರ ಹೊಡೆದೆ. ಅರ್ಧ ದಾರಿಯಲ್ಲಿ ಹಸಿರು ಚಾಪೆ ಹರಿಯಿತು.

ಮಳೆ ಒಂದೂವರೆ ಗಂಟೆ ಸುರಿಯಿತು. ನಿಂತಾಗ ಕತ್ತಲು. ತಗ್ಗು ಕೆರೆಯಾಗಿತ್ತು. ಬಾಗಿಲ ಸಂದಿಯಿಂದ ಒಳಗೆ ಬಂದ ನೀರು ಪಾದ ಮುಳುಗಿಸಿತು. ರೇಡಿಯೊ ಒತ್ತಿದರೆ ಬರೀ ಗೊರಗೊರ. ಬಿಡಾರ ಹನ್ನೊಂದು ಕಿಲೋಮೀಟರ್ ದೂರ. ಸ್ಕೌಟ್ ತಮ್ಮ ಮಳೆಯಂಗಿಯ ಬೆಲ್ಟು ಬಿಚ್ಚಿ ನನ್ನ ಮೊಣಕೈ ಮೇಲೆ ಬಿಗಿದರು. ಗಾಯಕ್ಕೆ ಟವೆಲ್ ಒತ್ತಿ ಹಿಡಿದರು. ಅದು ತೊಯ್ದು ಹೋದಾಗ ಇನ್ನೊಂದನ್ನು ಸುತ್ತಿದರು. ಆಮೇಲೆ ಬೆಲ್ಟು ಸಡಿಲಿಸಿದರು. ತೊಯ್ದ ಟವೆಲನ್ನು ನಾನು ಯೋಚಿಸದೆ ಹಿಂದಿನ ಸೀಟಿನ ಕಡೆಗೆ ಎಸೆದೆ.

ಅದು ಆ ಸಂಜೆಯ ನನ್ನ ಎರಡನೇ ತಪ್ಪು.

“ನಡೆದು ಹೋಗೋಣವೇ?” ಕೇಳಿದೆ.

ಅವರು ಉತ್ತರಿಸಲಿಲ್ಲ. ಉತ್ತರ ಹೊರಗಿನಿಂದ ಬಂತು. ಊಊಊ... ಊಪ್! ತಗ್ಗಿದ ದನಿಯಿಂದ ಶುರುವಾಗಿ ಕೊನೆಯಲ್ಲಿ ಚಿಮ್ಮುವ ಕೂಗು. ಪೂರ್ವದಲ್ಲಿ ಒಂದು. ದಕ್ಷಿಣದಲ್ಲಿ ಎರಡು. ಆಮೇಲೆ ಎಣಿಸಲಾಗಲಿಲ್ಲ.

ನಮ್ಮ ಬಯಲುಸೀಮೆಯ ಕತ್ತೆಕಿರುಬ ಹೆಚ್ಚಾಗಿ ಒಂಟಿಯಾಗಿ ಕತ್ತಲಲ್ಲಿ ತೂರಿಹೋಗುವ ಸಂಕೋಚದ ಪ್ರಾಣಿ. ಇದು ಬೇರೆ. ಇದು ಚುಕ್ಕೆ ಕತ್ತೆಕಿರುಬ: ಹೆಣ್ಣಿನ ಯಜಮಾನಿಕೆಯಲ್ಲಿ ದಂಡು ಕಟ್ಟುತ್ತದೆ, ಓಡಿಸಿ ಓಡಿಸಿ ಬೇಟೆಯಾಡುತ್ತದೆ, ತೊಡೆಯ ಮೂಳೆಯನ್ನು ಕಬ್ಬಿನಂತೆ ಅಗಿಯುತ್ತದೆ. ಸಿಂಹಗಳು ಅಳಿದುಹೋದ ಕಾಲದಲ್ಲಿ ಈ ಬಯಲಿನ ದೊರೆತನ ಅವುಗಳದ್ದೇ ಆಗಿತ್ತು.

ಟಾರ್ಚ್ ಹಾಕಿದೆ. ಹುಲ್ಲಿನ ಅಂಚಿನಲ್ಲಿ ಎರಡು ಹಸಿರು ಕಿಡಿ. ಬೆಳಕು ಸರಿಸಿದೆ. ನಾಲ್ಕು. ಹತ್ತು. ನನ್ನ ಗಂಟಲ ಪಸೆ ಆರಿತು.

“ಆರಿಸು,” ಸ್ಕೌಟ್ ಎಂದರು. “ಬ್ಯಾಟರಿ ಉಳಿಸು. ರಾತ್ರಿ ಉದ್ದವಿದೆ.”

“ಬಂದೂಕು ಇದೆಯಲ್ಲ?”

“ಇದೆ. ಅದು ಕೊನೆಯ ಮಾತು. ಮೊದಲೇ ಆಡಬಾರದು.”

ಎಂಟು ಗಂಟೆ. ಚಳಿ ಹತ್ತಿತು. ಒದ್ದೆ ಬಟ್ಟೆ, ಹೋದ ರಕ್ತ. ಹಲ್ಲುಗಳು ತಾವಾಗಿಯೇ ಕಟಕಟ ಬಡಿದುಕೊಳ್ಳುತ್ತಿದ್ದವು. ಕಣ್ಣು ಮುಚ್ಚಿ ಮುಚ್ಚಿ ಬರುತ್ತಿತ್ತು. ಸ್ಕೌಟ್ ನನ್ನ ಭುಜ ಅಲುಗಿಸಿದರು.

“ಮಲಗಬೇಡ. ಆ ಸಿಂಹಿಣಿಯ ಕಥೆ ಹುಡುಕಿಕೊಂಡು ಬಂದೆ ಎಂದೆಯಲ್ಲ? ಹಾಗಾದರೆ ಕೇಳು.”

ಕತ್ತಲಲ್ಲಿ, ಕತ್ತೆಕಿರುಬಗಳ ಕೂಗಿನ ನಡುವೆ, ಅವರು ಲೇಡಿ ಲಿಯುವಾ ಎಂಬ ಆ ಸಿಂಹಿಣಿಯ ಕಥೆ ಹೇಳತೊಡಗಿದರು.

ಈ ಬಯಲನ್ನು ಮೊದಲು ಕಾಪಾಡಿದ್ದು ಹಳೆಯ ರಾಜರು. 1880ರ ದಶಕದಲ್ಲೇ ಲೋಜಿಗಳ ಲಿತುಂಗಾ, ಅಂದರೆ ಮಹಾರಾಜ, ಲುಬೋಸಿ ಲೆವಾನಿಕಾ ಈ ಬಯಲನ್ನು ತನ್ನ ಮೀಸಲು ಬೇಟೆಕಾಡೆಂದು ಸಾರಿ ಇಲ್ಲಿಯ ಜನರನ್ನೇ ಕಾವಲಿಗೆ ನೇಮಿಸಿದ. 1972ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. ಆದರೆ ಅಂಗೋಲಾದಲ್ಲಿ 1975ರಿಂದ 2002ರವರೆಗೆ ಅಂತರ್ಯುದ್ಧ. ಗಡಿಯ ಸುತ್ತೆಲ್ಲ ಬಂದೂಕು. ಕಳ್ಳಬೇಟೆ, ಶೋಕಿಬೇಟೆ ಎರಡೂ ಸೇರಿ 1990ರ ದಶಕ ಮುಗಿಯುವಷ್ಟರಲ್ಲಿ ಸಿಂಹಗಳನ್ನು ಗುಡಿಸಿ ಹಾಕಿದವು. 2003ರಲ್ಲಿ ಜಾಂಬಿಯಾದ ವನ್ಯಜೀವಿ ಪ್ರಾಧಿಕಾರ, ಲೋಜಿಗಳ ಬರೋಟ್ಸೆ ರಾಜಮನೆತನ ಮತ್ತು ಆಫ್ರಿಕನ್ ಪಾರ್ಕ್ಸ್ ಸಂಸ್ಥೆ ಜೊತೆಗೂಡಿ ಉದ್ಯಾನದ ಹೊಣೆ ಹೊತ್ತಾಗ ಇಡೀ ಬಯಲಿನಲ್ಲಿ ಉಳಿದದ್ದು ಒಂದೇ ಒಂದು ಸಿಂಹಿಣಿ.

“ಒಂದೇ,” ಸ್ಕೌಟ್ ಬೆರಳೆತ್ತಿದರು. “ಸಿಂಹ ಕುಟುಂಬದ ಪ್ರಾಣಿ. ಕೂಡಿ ಬೇಟೆಯಾಡುತ್ತದೆ, ಕೂಡಿ ಮಲಗುತ್ತದೆ. ಇವಳು ಗರ್ಜಿಸುತ್ತಿದ್ದಳು. ಆಮೇಲೆ ಸುಮ್ಮನಾಗಿ ಕಿವಿ ನಿಮಿರಿಸಿ ಕೂರುತ್ತಿದ್ದಳು. ಯಾರೂ ಓಗೊಡುತ್ತಿರಲಿಲ್ಲ. ವರ್ಷ ವರ್ಷ. ಕೊನೆಗೆ ಮನುಷ್ಯರ ಬಿಡಾರದ ಹತ್ತಿರ ಬಂದು ಕೂರತೊಡಗಿದಳು. ಕಚ್ಚಲಿಕ್ಕಲ್ಲ, ಕದಿಯಲಿಕ್ಕಲ್ಲ. ಜೊತೆ ಬೇಕಿತ್ತು ಅವಳಿಗೆ.”

ಹಿಂದಿನ ಕಾಲದ ಮಂಬೆಟಿ ಎಂಬ ಹೆಣ್ಣುಮಗಳ ಆತ್ಮವೇ ಅವಳಲ್ಲಿದೆ ಎಂದು ಸುತ್ತಲಿನ ಹಳ್ಳಿಗರು ನಂಬಿದ್ದರು. ಅವಳನ್ನು ಯಾರೂ ಮುಟ್ಟಲಿಲ್ಲ.

ಠಪ್! ಜೀಪು ಅಲುಗಿತು.

ಹಿಂದಿನಿಂದ ಬಂದ ಶಬ್ದ. ನಮ್ಮ ಜೀಪಿನ ಹಿಂಭಾಗಕ್ಕೆ ಕಬ್ಬಿಣದ ಗೋಡೆಯಿರಲಿಲ್ಲ, ದಪ್ಪ ಕ್ಯಾನ್ವಾಸ್ ಹೊದಿಕೆ ಮಾತ್ರ. ಅದರ ಒಳಗೇ ನನ್ನ ರಕ್ತದಲ್ಲಿ ತೊಯ್ದ ಟವೆಲ್ ಬಿದ್ದಿತ್ತು. ಹೊರಗೆ ನೀರಿನಲ್ಲಿ ಬಳಕ್ ಬಳಕ್ ಎಂದು ಹೆಜ್ಜೆಗಳು. ಕ್ಯಾನ್ವಾಸಿಗೆ ಮೂಗೊತ್ತಿ ಸುಂಯ್ ಎಂದು ಎಳೆದುಕೊಳ್ಳುವ ಉಸಿರು. ಆಮೇಲೆ ಚರ್ ಎಂದು ಹರಿಯುವ ಸದ್ದು.

ಹಾರ್ನ್ ಮೇಲೆ ಕೈಯಿಟ್ಟು ಒತ್ತಿದೆ. ಒತ್ತಿಯೇ ಹಿಡಿದೆ. ಸ್ಕೌಟ್ ಸ್ಪ್ಯಾನರ್‌ನಿಂದ ಅಲ್ಯೂಮಿನಿಯಂ ಪಾತ್ರೆ ಬಡಿದರು. ಹೆಜ್ಜೆಗಳು ಚದುರಿದವು. ಐದು ನಿಮಿಷ ಮೌನ. ಮತ್ತೆ ಬಳಕ್ ಬಳಕ್. ಮತ್ತೆ ಹಾರ್ನ್. ಮತ್ತೆ ಪಾತ್ರೆ. ಪ್ರತಿ ಸಲವೂ ಅವು ದೂರ ಹೋಗುವ ಅಂತರ ಕಮ್ಮಿಯಾಗುತ್ತಿತ್ತು. ಸದ್ದಿಗೆ ಹಲ್ಲಿಲ್ಲವೆಂದು ಅವಕ್ಕೆ ಗೊತ್ತಾಗತೊಡಗಿತ್ತು.

ಮಧ್ಯರಾತ್ರಿ ದಾಟಿದ ಮೇಲೆ ಹಾರ್ನ್ ಸೊರಗಿತು. ಮೊದಲು ಕೀರಲಾಯಿತು, ಆಮೇಲೆ ಸತ್ತಿತು.

“ಮುಂದೆ ಹೇಳಿ,” ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

2009ರಲ್ಲಿ ಕಫೂಯೆ ಉದ್ಯಾನದಿಂದ ಎರಡು ಗಂಡು ಸಿಂಹಗಳನ್ನು ತಂದರು. ಅವಳು ಅವುಗಳ ಜೊತೆ ಸೇರಿದಳು, ಮರಿಯಾಗಲಿಲ್ಲ. 2011ರಲ್ಲಿ ಎರಡು ಎಳೆಯ ಸಿಂಹಿಣಿಗಳನ್ನು ತಂದರು. ಒಂದು ಕಳ್ಳಬೇಟೆಯ ಉರುಲಿಗೆ ಸಿಕ್ಕಿ ಸತ್ತಿತು. ಇನ್ನೊಂದು ಬೆದರಿ ಅಂಗೋಲಾದತ್ತ ಓಡಿತು. ಅರಿವಳಿಕೆ ಕೊಟ್ಟು ಅದನ್ನು ಹಿಂದಕ್ಕೆ ತಂದು ಲೇಡಿ ಲಿಯುವಾಳನ್ನೂ ಅದನ್ನೂ ಒಂದೇ ಬೇಲಿಯೊಳಗೆ ಬಿಟ್ಟರು. ವರ್ಷಗಟ್ಟಲೆ ಒಂಟಿಯಾಗಿದ್ದ ಮುದುಕಿ, ಜೊತೆಗಾತಿಯನ್ನು ಕಳೆದುಕೊಂಡ ಎಳೆಯದು.

“ಕೊಂದುಹಾಕಿದರೆ?”

“ಎಲ್ಲರಿಗೂ ಅದೇ ಭಯ. ಆದರೆ...” ಸ್ಕೌಟ್ ಮಾತು ನಿಲ್ಲಿಸಿದರು. ತಲೆ ಹಿಂದಕ್ಕೆ ತಿರುಗಿತು.

ಕ್ಯಾನ್ವಾಸ್ ಹರಿದು ತೆರೆದುಕೊಂಡಿತು. ಅದರ ಸೀಳಿನೊಳಗಿಂದ ತಲೆಯೊಂದು ಒಳಗೆ ನುಗ್ಗಿತು. ದುಂಡು ಕಿವಿ, ಅಗಲ ಹಣೆ, ಟಾರ್ಚಿನ ಬೆಳಕಿನಲ್ಲಿ ಹೊಳೆದ ಒದ್ದೆ ಮೂತಿ. ಕೊಳೆತ ಮಾಂಸದ ನಾತ ಜೀಪು ತುಂಬಿತು. ಅದು ಟವೆಲನ್ನು ಕಚ್ಚಿ ಎಳೆಯಿತು. ಜೊತೆಗೆ ಸೀಟಿನ ಕಬ್ಬಿಣದ ಕಾಲೂ ಬಾಯಿಗೆ ಸಿಕ್ಕಿತು. ಕಟಕ್ ಎಂದು ಹಲ್ಲು ಕಬ್ಬಿಣಕ್ಕೆ ತಾಗಿದ ಸದ್ದು ನನ್ನ ಬೆನ್ನುಹುರಿಯಲ್ಲಿ ಓಡಿತು.

ಬಲಗೈಗೆ ಸಿಕ್ಕಿದ್ದು, ಗಾಬರಿಯಲ್ಲಿ ನನ್ನ ಜೊತೆಗೇ ಒಳಗೆ ಬಂದಿದ್ದ ಅದೇ ಜಾಕ್‌ನ ಹಿಡಿಕೆ. ಸೀಟಿನ ಮೇಲಿಂದ ಬಾಗಿ ಬೀಸಿದೆ. ಮೊದಲ ಏಟು ಚೌಕಟ್ಟಿಗೆ ಬಿತ್ತು. ಎರಡನೆಯದು ಮೂತಿಗೆ. ಕುಯ್ಯೆಂದು ಕಿರಿಚಿ ಅದು ಹಿಂದಕ್ಕೆ ಜಿಗಿಯಿತು, ಟವೆಲ್ ಬಿಡಲಿಲ್ಲ. ಹೊರಗೆ ಕಿತ್ತಾಟ ಶುರುವಾಯಿತು. ಆ ಕೇಕೆ, ಆ ಹುಚ್ಚು ನಗು! ಹತ್ತಡಿ ದೂರದಲ್ಲಿ ನನ್ನ ರಕ್ತಕ್ಕಾಗಿ ದಂಡಿಗೆ ದಂಡೇ ಜಗಳವಾಡುತ್ತಿತ್ತು.

ಸ್ಕೌಟ್ ನನ್ನನ್ನು ದಾಟಿ ಹಿಂಭಾಗಕ್ಕೆ ಹೋದರು. ಹರಿದ ಸೀಳಿಗೆ ಮೈಯೊಡ್ಡಿ, ಬಂದೂಕನ್ನು ಮಂಡಿಯ ಮೇಲಿಟ್ಟು ಕೂತರು. ಕತ್ತೆಕಿರುಬಗಳಿಗೂ ನನಗೂ ನಡುವೆ ಈಗ ಉಳಿದದ್ದು ಆ ಬೆನ್ನು ಮಾತ್ರ. ಸುತ್ತಿ ಹೋಗು ಎಂದಿದ್ದವರು ಅವರು. ಕೇಳದವನು ನಾನು. ಇಷ್ಟು ಹೊತ್ತಾದರೂ ಅವರ ಬಾಯಿಂದ ಒಂದು ಆಕ್ಷೇಪದ ಮಾತು ಬಂದಿರಲಿಲ್ಲ.

ನಾನೂ ಹಿಂದಕ್ಕೆ ತೆವಳಿ ಹೋದೆ. ಅವರ ಪಕ್ಕ, ಭುಜಕ್ಕೆ ಭುಜ ಕೊಟ್ಟು ಕೂತೆ. ಹಿಡಿಕೆ ಬಲಗೈಯಲ್ಲಿತ್ತು.

“ಆದರೆ?” ಎಂದೆ.

“ಆದರೆ ಅವು ಒಂದಾದವು. ಮೊದಮೊದಲು ದೂರ ದೂರ. ಆಮೇಲೆ ಮೈಗೆ ಮೈ ತಾಗಿಸಿ ಮಲಗಿದವು. ಬೇಲಿ ತೆರೆದಾಗ ಒಟ್ಟಿಗೇ ಹೊರಟವು. ಎಳೆಯದಕ್ಕೆ ಸೆಪೊ ಎಂದು ಹೆಸರಿಟ್ಟರು. ನಮ್ಮ ಮಾತಿನಲ್ಲಿ ಸೆಪೊ ಎಂದರೆ ಭರವಸೆ. 2013ರ ಡಿಸೆಂಬರಿನಲ್ಲಿ ಸೆಪೊ ಮರಿ ಹಾಕಿದಳು. ಮುದುಕಿಗೆ ಸ್ವಂತ ಮರಿ ಆಗಲೇ ಇಲ್ಲ. ಆದರೆ ಮನೆತನ ಆಯಿತು.”

2017ರ ಆಗಸ್ಟಿನಲ್ಲಿ ಲೇಡಿ ಲಿಯುವಾ ಮುಪ್ಪಿನಿಂದ ಸತ್ತಳು. ಗುಂಡಿನಿಂದಲ್ಲ, ಉರುಲಿನಿಂದಲ್ಲ. ಸುಮಾರು ಹದಿನೇಳು ವರ್ಷ ಬದುಕಿದ್ದಳು.

ಮೂರೂವರೆ. ಟಾರ್ಚ್ ಮಂಕಾಯಿತು. ಕಿತ್ತಾಟ ಮುಗಿದಿತ್ತು. ಹಸಿರು ಕಿಡಿಗಳು ಮತ್ತೆ ಅರ್ಧಚಂದ್ರದಂತೆ ಕೂಡಿಕೊಂಡವು. ನೀರು ದಾಟಿ ಒಂದೊಂದೇ ಹೆಜ್ಜೆ. ಸ್ಕೌಟ್ ಬಂದೂಕಿನ ಬೋಲ್ಟ್ ಎಳೆದರು. ಕೊನೆಯ ಮಾತು ಆಡುವ ಹೊತ್ತು ಬಂದಿತ್ತು. ಅವರ ಬೆರಳು ಕುದುರೆಯ ಮೇಲೆ ಕೂತದ್ದು ನನ್ನ ಭುಜಕ್ಕೆ ಗೊತ್ತಾಯಿತು. ಅವರು ಉಸಿರು ಹಿಡಿದರು. ನಾನೂ ಹಿಡಿದೆ.

ಆಗ ನೆಲ ಗುನುಗಿತು.

ಮೊದಲು ಗುಡುಗೆಂದುಕೊಂಡೆ. ಇಲ್ಲ. ಅದು ತಗ್ಗಿನ ನೀರನ್ನು ನಡುಗಿಸಿತು, ಜೀಪಿನ ತಗಡನ್ನು ನಡುಗಿಸಿತು, ನನ್ನ ಪಕ್ಕೆಲುಬಿನೊಳಗೆ ಹೊಕ್ಕು ನಿಂತಿತು. ಆಆಆ... ಹೂಂ... ಹೂಂ... ಹೂಂ. ಉತ್ತರದಿಂದ ಸಿಂಹದ ಗರ್ಜನೆ.

ಕತ್ತೆಕಿರುಬಗಳು ಕಲ್ಲಾದವು. ಎಲ್ಲ ಕಿವಿಗಳೂ ಉತ್ತರಕ್ಕೆ ತಿರುಗಿದವು.

ಗರ್ಜನೆ ಇಳಿದು ಇಳಿದು ಸಣ್ಣ ಗೊರಕೆಯಾಗಿ ನಿಂತಿತು. ಬಯಲು ಕಿವಿಗೊಟ್ಟಿತು. ನಾನು ಕಾಯುತ್ತಿದ್ದೇನೆಂದು ಆಗ ತಿಳಿಯಿತು. ಎಷ್ಟೋ ವರ್ಷ ಇದೇ ಕತ್ತಲಲ್ಲಿ ಅವಳು ಕಾದಂತೆ.

ಮರುದನಿ ಬಂತು.

ಪೂರ್ವದಿಂದ ಒಂದು. ಅದರ ಬೆನ್ನಿಗೇ ಇನ್ನೊಂದು, ತುಸು ಎಳೆಯದು. ಮೂರನೆಯದು ಅವೆರಡರ ಮೇಲೆ ಹತ್ತಿ ಬಂತು. ಕೊನೆಗೆ ಯಾವುದು ಎಲ್ಲಿಂದ ಎಂದೇ ತಿಳಿಯದಂತೆ ಇಡೀ ಬಯಲು ಗರ್ಜಿಸಿತು. ನನಗೆ ಅಳು ಬಂತು. ಹೆದರಿಕೆಗಲ್ಲ. ಪಕ್ಕದಲ್ಲಿ ಆ ದೊಡ್ಡ ಮನುಷ್ಯನ ಭುಜವೂ ನಡುಗುತ್ತಿತ್ತು.

“ಅವಳ ಮನೆಯವರು,” ಎಂದರು.

ಹೆದರಿ ಹೋದವೋ, ಸಿಂಹಗಳು ಕೆಡವಿದ ಬೇಟೆಯಲ್ಲಿ ಪಾಲು ಕೇಳಲು ಹೋದವೋ, ಹಸಿರು ಕಿಡಿಗಳು ಒಂದೊಂದಾಗಿ ಆರಿದವು. ಬಳಕ್ ಬಳಕ್ ಹೆಜ್ಜೆ ದೂರವಾಯಿತು. ಸ್ಕೌಟ್ ಬೆರಳು ತೆಗೆದರು. ಕೊನೆಯ ಮಾತು ಆಡದೆಯೇ ಉಳಿಯಿತು.

ಬೆಳಗಾಯಿತು. ಹೊಗೆಯಂಥ ಮಂಜಿನ ಮೇಲೆ ಕೆಂಪು ಸೂರ್ಯ ಎದ್ದ. ನಾನು ಯಾರಿಗಾಗಿ ಈ ತಗ್ಗಿಗೆ ಇಳಿದಿದ್ದೆನೋ ಆ ವೈಲ್ಡ್‌ಬೀಸ್ಟ್‌ಗಳು ತಾವಾಗಿಯೇ ಬಂದಿದ್ದವು. ಸಾವಿರ ಸಾವಿರ ಬಾಗಿದ ಬೆನ್ನುಗಳು ನಮ್ಮ ಎರಡೂ ಪಕ್ಕದಲ್ಲಿ ಹೊಳೆಯಂತೆ ಹರಿಯುತ್ತಿದ್ದವು. ಹ್ನೂಂ, ಹ್ನೂಂ ಎಂಬ ಅವುಗಳ ಗೊಣಗಾಟ ಗಾಳಿ ತುಂಬಿತ್ತು. ಕ್ಯಾಮೆರಾ ನೀರಿನಲ್ಲಿ ನೆನೆದು ಸತ್ತಿತ್ತು. ಬರೀ ನೋಡಿದೆ. ನೋಡುತ್ತಲೇ ಇದ್ದೆ.

ಆ ಗೊಣಗಾಟದ ನಡುವೆ ಮನುಷ್ಯರ ಮಾತು ಕೇಳಿಸಿತು.

ಮಂಜು ಸೀಳಿಕೊಂಡು ಎತ್ತುಗಳು ಬಂದವು. ಎರಡು ಜೋಡಿ, ಕೊರಳಿಗೆ ನೊಗ. ಹಿಂದೆ ಐದಾರು ಜನ, ಹೆಗಲ ಮೇಲೆ ಮೀನು ಹಿಡಿಯುವ ಈಟಿಗಳು. ಒಂದು ಕ್ಷಣ ನನ್ನ ಕಣ್ಣನ್ನೇ ನಂಬಲಿಲ್ಲ. ಊರಿನ ಹೊಲದ ಬದುವಿನಿಂದ ಎದ್ದು ಬಂದಂತಿದ್ದವು ಆ ಕೊಂಬುಗಳು. ಜನರಿಲ್ಲದ ಕಾಡು ಎಂದು ನಾನು ತಿಳಿದಿದ್ದ ಈ ಉದ್ಯಾನದೊಳಗೆ ಹತ್ತು ಸಾವಿರಕ್ಕೂ ಹೆಚ್ಚು ಜನ ಬದುಕುತ್ತಾರೆ. ಇಲ್ಲಿಯ ಕೊಳಗಳಲ್ಲಿ ಮೀನು ಹಿಡಿಯುವ ಹಕ್ಕು ತಲೆತಲಾಂತರದಿಂದ ಅವರದು. ಲೆವಾನಿಕಾ ಕಾವಲಿಗಿಟ್ಟವರ ಮರಿಮಕ್ಕಳು ಅವರು.

ರಾತ್ರಿ ಹಾರ್ನ್ ಕೇಳಿತಂತೆ. ಕತ್ತೆಕಿರುಬಗಳ ದನಿಯೂ ಕೇಳಿತಂತೆ. ಎತ್ತುಗಳನ್ನು ಕತ್ತಲಲ್ಲಿ ತರುವ ಹಾಗಿರಲಿಲ್ಲ. ಹಾರ್ನ್ ನಿಂತಾಗ ನಾವು ಸತ್ತೆವೆಂದುಕೊಂಡರಂತೆ. ಆದರೂ ಬೆಳಕು ಹರಿಯುತ್ತಲೇ ಹೊರಟರು.

ಬಿಡಿ ಚಕ್ರವನ್ನು ಕೆಸರಿನ ಮೇಲೆ ಮಲಗಿಸಿ ಅದರ ಮೇಲೆ ಜಾಕ್ ನಿಲ್ಲಿಸಿದರು. ಈ ಸಲ ಅದು ಮುಳುಗಲಿಲ್ಲ. ಎತ್ತಿದ ಚಕ್ರದಡಿಗೆ ಕಂತೆ ಕಂತೆ ಹುಲ್ಲು ತುರುಕಿದರು. ನೊಗಕ್ಕೆ ಹಗ್ಗ ಬಿಗಿದರು. ಒಬ್ಬ ಹುಡುಗ ನಾಲಿಗೆಯಿಂದ ಟಕ್ ಟಕ್ ಎಂದ. ನಾಲ್ಕು ಎತ್ತುಗಳು ಮುಂಗಾಲು ಮಡಿಸಿ, ಕೊರಳ ನರ ಉಬ್ಬಿಸಿ ಎಳೆದವು. ಕೆಸರು ಲೊಚಕ್ ಎಂದು ಬಾಯಿ ಬಿಟ್ಟಿತು. ಹದಿಮೂರು ಗಂಟೆ ಹಿಡಿದಿದ್ದ ನೆಲ ನಮ್ಮನ್ನು ಬಿಟ್ಟುಕೊಟ್ಟಿತು.

ಮಧ್ಯಾಹ್ನ ಲುವಾಂಗಿಂಗಾ ದಡ ತಲುಪಿದಾಗ ಜ್ವರ ಏರಿತ್ತು. ಆಸ್ಪತ್ರೆ ಆಚೆ ದಡದಲ್ಲಿ, ಕಲಾಬೊದಲ್ಲಿ. ತೇಲುದೋಣಿಗೆ ಜೀಪು ಹತ್ತಿತು. ಜನ ಹಗ್ಗಕ್ಕೆ ಕೈಹಾಕಿದರು. ಯಾರೋ ನನಗೆ ನೆರಳಿನಲ್ಲಿ ಜಾಗ ತೋರಿಸಿದರು.

ನಾನು ಕೂರಲಿಲ್ಲ. ಎಡಗೈ ಕೊರಳಿಗೆ ಕಟ್ಟಿತ್ತು. ಬಲಗೈಯಿಂದ, ಸ್ಕೌಟ್‌ನ ಕೈಯ ಪಕ್ಕದಲ್ಲೇ, ಒದ್ದೆ ಹಗ್ಗ ಹಿಡಿದು ಜಗ್ಗಿದೆ. ದೋಣಿ ಸರಿಯಿತು.